ವಾರಾನ್ನ ಹೋಯ್ತು, ವಾರ-ವೈಫೈ ಬಂತು

ಸಿಡ್ನಿಯ ವೆಸ್ಟ್‌ಮೀಡಿನಲ್ಲಿ ಕನ್ನಡದವರ ಮನೆಗೆ ಭಾನುವಾರ ಬೆಳಿಗ್ಗೆ ಬೆನ್ನಿಗೆ ಬ್ಯಾಗು ಏರಿಸಿಕೊಂಡು ಓದುವ ಹುಡುಗರು ಬಂದರೆ, ಪಾಪ ಮನೆ ಊಟಕ್ಕೆ ಬಂದವೆ ಅಂತ ಹಿಗ್ಗಬೇಡಿ. ಊಟ ಮಾಡುತ್ತವೆ, ಬೇಡ ಅನ್ನುವುದಿಲ್ಲ. ಎರಡನೇ ಸಲ ಹುಳಿ ಬಡಿಸಿಕೊಂಡು ಮೂರನೇ ಸಲಕ್ಕೆ ತಟ್ಟೆಯನ್ನು ಸುಮ್ಮನೆ ಒಂಚೂರು ಮುಂದೆ ತಳ್ಳುತ್ತವೆ. ಆದರೆ ಬಾಗಿಲಲ್ಲಿ ಷೂ ಬಿಚ್ಚುವಾಗ ಕಣ್ಣು ಹೋಗುವುದು ಟಿವಿ ಪಕ್ಕದ ರೌಟರ್ ಮೇಲೆ. "ಆಂಟಿ, ಚೆನ್ನಾಗಿದ್ದೀರಾ?" ಅನ್ನುವುದಕ್ಕೂ "ಆಂಟಿ, ಪಾಸ್‌ವರ್ಡು?" ಅನ್ನುವುದಕ್ಕೂ ನಡುವೆ ಒಂದು ಉಸಿರಿನ ಬಿಡುವೂ ಇರುವುದಿಲ್ಲ. ನಾನು ಚೆನ್ನಾಗಿದ್ದೇನೋ ಇಲ್ಲವೋ ಅಂತ ಇವತ್ತಿನವರೆಗೆ ಯಾರೂ ಪೂರ್ತಿ ಕೇಳಿಸಿಕೊಂಡಿಲ್ಲ.

ನಮ್ಮ ತಾತನ ಕಾಲದಲ್ಲಿ ಮೈಸೂರಿಗೋ ಧಾರವಾಡಕ್ಕೋ ಓದಲು ಹೋದ ಬಡ ಹುಡುಗರು ವಾರಾನ್ನ ಗೊತ್ತುಮಾಡಿಕೊಳ್ಳುತ್ತಿದ್ದರು. ಸೋಮವಾರ ವಕೀಲರ ಮನೆ, ಮಂಗಳವಾರ ಶಾನುಭೋಗರ ಮನೆ, ಬುಧವಾರ ಯಾರೂ ಸಿಗದಿದ್ದರೆ ನಲ್ಲಿ ನೀರು. ಈಗ ಸಿಡ್ನಿಯಲ್ಲಿ ನಡೆಯುತ್ತಿರುವುದೂ ಅದೇ. ಶನಿವಾರ ಹ್ಯಾರಿಸ್ ಪಾರ್ಕ್‌ನ ಚಿಕ್ಕಪ್ಪನ ಮನೆ, ಭಾನುವಾರ ವೆಸ್ಟ್‌ಮೀಡಿನ ಆಂಟಿ ಮನೆ, ಮಿಕ್ಕ ದಿನ ಲೈಬ್ರರಿ. ವಾರಾನ್ನದ ಹುಡುಗನಿಗಿದ್ದ ಜಾಣತನ ಇವರಿಗೂ ಇದೆ: ಯಾವ ಮನೆಯಲ್ಲಿ ಧಾರಾಳ, ಯಾವ ಮನೆಯಲ್ಲಿ ಗೊಣಗಾಟ, ಯಾವ ಮನೆಯಲ್ಲಿ ಊಟಕ್ಕೆ ಮುಂಚೆ ಮಗ್ಗಿ ಹೇಳಿಸುತ್ತಾರೆ ಅನ್ನುವುದೆಲ್ಲ ಬಾಯಿಪಾಠ. 2024ರ ಡಿಸೆಂಬರಿನಲ್ಲಿ ವೆಸ್ಟ್‌ಮೀಡಿನಿಂದ ಕಾರ್ಲಿಂಗ್‌ಫರ್ಡ್‌ವರೆಗೆ ಟ್ರಾಮ್ ಶುರುವಾಯಿತಲ್ಲ, ಅದು ಇಲ್ಲಿನ ಆಸ್ಪತ್ರೆಗೆ ಬರುವವರಿಗೆ ಅನುಕೂಲ ಅಂತ ಸರ್ಕಾರ ಅಂದುಕೊಂಡಿದೆ. ರೈಡಲ್‌ಮಿಯರ್ ಕಡೆಯ ಹುಡುಗರನ್ನು ಕೇಳಿ, ಅದು ಹಾಕಿದ್ದೇ ನಮ್ಮನೆ ವೈಫೈಗೆ.

ಇವರಿಗೇನು ಹಾಸ್ಟೆಲ್ ರೂಮಿನಲ್ಲಿ ಇಂಟರ್ನೆಟ್ ಇಲ್ಲವೇ? ಇದೆ. ಬಾಡಿಗೆಯಲ್ಲೇ ಸೇರಿದೆ, ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಬರೆದೂ ಇದೆ. ನಮ್ಮ ಬೆಂಗಳೂರಿನ ಪೀಜಿಗಳ ಬೋರ್ಡಿನಲ್ಲಿ ಹಾಟ್ ವಾಟರ್ ಪಕ್ಕ ಫ್ರೀ ವೈಫೈ ಅಂತ ಇರುತ್ತದಲ್ಲ, ಹಾಗೆ. ಅಲ್ಲಿ ಮೂರನೇ ಮಹಡಿ ಮೆಟ್ಟಿಲ ಮೇಲೆ ಕೂತರೆ ಮಾತ್ರ ಸಿಗ್ನಲ್ಲು, ಇಲ್ಲಿ ಸಿಗ್ನಲ್ಲು ಭರ್ತಿ, ಷರತ್ತು ಅದಕ್ಕಿಂತ ಭರ್ತಿ. ಒಬ್ಬರಿಗೆ ಇಷ್ಟೇ ಡಿವೈಸು. ಸ್ವಂತ ರೌಟರ್ ತರಕೂಡದು. ಟೊರೆಂಟ್ ಬಂದ್, ವಿಪಿಎನ್ ಬಂದ್. ಪ್ರತಿ ಡಿವೈಸಿಗೂ ಮೊದಲು ಒಂದು ಪುಟ ತೆರೆದು ಹೆಸರು, ಪಾಸ್‌ವರ್ಡು ಒಪ್ಪಿಸಬೇಕು. ಟಿವಿಗೆ ಸಿಕ್ಕಿಸುವ ಕಡ್ಡಿಯಂಥ ಕೆಲವು ಸಾಮಾನುಗಳಿಗೆ ಆ ಪುಟವೇ ಕಾಣಿಸದ ಕಾರಣ ಅವು ಹುಟ್ಟಾ ಅನಕ್ಷರಸ್ಥರು. ರೂಮಿನಲ್ಲಿ ಲ್ಯಾಪ್‌ಟಾಪ್ ಪಕ್ಕವೇ ಪ್ರಿಂಟರ್ ಇದ್ದರೂ ಒಂದಕ್ಕೊಂದು ಕಾಣಿಸುವುದಿಲ್ಲ. ಪಕ್ಕದ ರೂಮಿನವನು ನಿಮ್ಮ ಕಂಪ್ಯೂಟರಿಗೆ ಕೈ ಹಾಕದಿರಲಿ ಅಂತ ಮಾಡಿದ ಏರ್ಪಾಡು ಅದು. ಒಳ್ಳೆಯದೇ. ಆದರೆ ಅಸೈನ್‌ಮೆಂಟನ್ನು ತನಗೆ ತಾನೇ ಇಮೇಲ್ ಕಳಿಸಿಕೊಂಡು, ಲೈಬ್ರರಿಗೆ ಹೋಗಿ ಪ್ರಿಂಟ್ ತೆಗೆಯುವಾಗ ಅದರ ಒಳ್ಳೆಯತನ ಅಷ್ಟಾಗಿ ಹೊಳೆಯುವುದಿಲ್ಲ.

ಡಿವೈಸಿನ ಲೆಕ್ಕದಲ್ಲಿ ನಮ್ಮ ಮಕ್ಕಳಿಗೆ ಬೇರೆಯವರಿಗಿಲ್ಲದ ಒಂದು ಸಂಕಟ ಇದೆ. ಲ್ಯಾಪ್‌ಟಾಪು, ಫೋನು, ಟ್ಯಾಬು, ಕೈಗಡಿಯಾರ ಇವೆಲ್ಲ ಎಲ್ಲರಿಗೂ ಇರುವುದೇ. ನಮ್ಮವರ ಹತ್ತಿರ ಇನ್ನೊಂದು ಹಳೇ ಫೋನು, ಅದರೊಳಗೆ ಊರಿನ ಸಿಮ್ಮು. ಅದರಿಂದ ಯಾರಿಗೂ ಕಾಲ್ ಮಾಡುವುದಿಲ್ಲ, ಯಾರೂ ಅದಕ್ಕೆ ಮಾಡುವುದೂ ಇಲ್ಲ. ಎಜುಕೇಷನ್ ಲೋನ್ ಕೊಟ್ಟ ಬ್ಯಾಂಕಿನಿಂದ ಓಟಿಪಿ ಬರಬೇಕಲ್ಲ, ಅದಕ್ಕಾಗಿ ಸಾಕಿಕೊಂಡ ಫೋನು. "ಯಾವುದಾದರೂ ಒಂದು ಡಿವೈಸ್ ತೆಗೆಯಿರಿ" ಅಂತ ಪುಟ ಕೇಳಿದಾಗ ಪುತ್ತೂರಿನ ಹುಡುಗಿಯೊಬ್ಬಳು ಕೈಗಡಿಯಾರ ತೆಗೆದಳು, ಟ್ಯಾಬ್ ತೆಗೆದಳು, ಓಟಿಪಿ ಫೋನು ಮಾತ್ರ ತೆಗೆಯಲಿಲ್ಲ. "ಅದು ಹೋದ್ರೆ ಅಪ್ಪನೇ ಹೋದ ಹಾಗೆ ಆಂಟಿ" ಅಂದಳು. ಸಾಲಕ್ಕೆ ಜಾಮೀನು ನಿಂತವರು ಅಪ್ಪ.

ವಿಪಿಎನ್ ಕತೆ ಬೇರೆ. ಅದನ್ನು ಹಾಕಿಕೊಂಡರೆ ರೈಡಲ್‌ಮಿಯರ್‌ನಲ್ಲಿ ಕೂತವನು ಇಂಟರ್ನೆಟ್ಟಿನ ಪಾಲಿಗೆ ಜಯನಗರದಲ್ಲಿ ಕೂತಂತೆ. ಇಲ್ಲಿಗೆ ಬಾರದ ಕನ್ನಡ ಸೀರಿಯಲ್ಲು, ಸಿನಿಮಾ ಎಲ್ಲ ಬರುತ್ತವೆ. ಜೊತೆಗೆ ಆಸ್ಟ್ರೇಲಿಯದ ಬ್ಯಾಂಕಿಗೆ ಗಾಬರಿಯೂ ಬರುತ್ತದೆ: ಐದು ನಿಮಿಷದ ಹಿಂದೆ ಪ್ಯಾರಮಾಟದಲ್ಲಿ ಕಾಫಿ ಕುಡಿದವನು ಬೆಂಗಳೂರಿನಿಂದ ಲಾಗಿನ್ ಆಗುತ್ತಿದ್ದಾನೆ, ಕಳ್ಳನೇ ಸರಿ! ಕಾರ್ಡ್ ಬಂದ್. ಬಿಗ್ ಬಾಸ್ ನೋಡಲು ಹೋಗಿ ಎರಡು ದಿನ ಬರೀ ಬ್ರೆಡ್ಡು ತಿಂದ ಮಹಾನುಭಾವ ನಮ್ಮನೆಗೆ ಬರುವ ಗುಂಪಿನಲ್ಲೇ ಇದ್ದಾನೆ.

ಇಷ್ಟೆಲ್ಲ ಕಟ್ಟುಪಾಡು ಎಲ್ಲಿಂದ ಬಂತು ಅಂತ ಕೇಳಿದರೆ ನಮ್ಮನೆಯವರಿಗೆ ಉತ್ಸಾಹ ಉಕ್ಕುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ಇಲ್ಲಿಗೆ ಓದಲು ಬಂದವರು ಅವರು. ಹುಡುಗರು ಪಾಸ್‌ವರ್ಡಿಗೆ ಕಾಯುತ್ತಿರುವಾಗಲೇ ಕತೆ ತೆಗೆಯುತ್ತಾರೆ, ಹಿಂದಿನವರು ಊಟಕ್ಕೆ ಮುಂಚೆ ಮಗ್ಗಿ ಹೇಳಿಸಿದ ಹಾಗೆ. ಕತೆ ಚೆನ್ನಾಗಿಯೇ ಇದೆ ಅನ್ನಿ. 1989ರ ಜೂನ್ 23ರ ರಾತ್ರಿ ಮೆಲ್ಬರ್ನ್ ವಿಶ್ವವಿದ್ಯಾಲಯದ ರಾಬರ್ಟ್ ಎಲ್ಜ್ ಮತ್ತು ಹವಾಯಿ ವಿಶ್ವವಿದ್ಯಾಲಯದ ಟಾರ್ಬೆನ್ ನೀಲ್ಸನ್ ಸೇರಿಕೊಂಡು ಆಸ್ಟ್ರೇಲಿಯವನ್ನು ಇಂಟರ್ನೆಟ್ಟಿಗೆ ಜೋಡಿಸಿದರು. ಉಪಗ್ರಹದ ಮೂಲಕ, ಸೆಕೆಂಡಿಗೆ 56 ಕಿಲೋಬಿಟ್ ವೇಗ. ಇಡೀ ಖಂಡಕ್ಕೆ ಅಷ್ಟೇ. ವಿಶ್ವವಿದ್ಯಾಲಯಗಳೇ ಸೇರಿ ಕಟ್ಟಿಕೊಂಡ ಆರ್ನೆಟ್ ಅನ್ನುವ ಜಾಲ ಅದು. ಬರಬರುತ್ತಾ ಹೊರದೇಶದಿಂದ ಎಷ್ಟು ಮಾಹಿತಿ ಎಳೆದುಕೊಂಡರೆ ಅಷ್ಟಕ್ಕೆ ವಿಶ್ವವಿದ್ಯಾಲಯ ದುಡ್ಡು ಕಟ್ಟಬೇಕಾಯಿತು. ಬಿಲ್ಲು ಬರುತ್ತಿದ್ದದ್ದು ಮೆಗಾಬೈಟ್ ಲೆಕ್ಕದಲ್ಲಿ, ವಿದ್ಯಾರ್ಥಿಗೆ ಅಳೆದು ಕೊಟ್ಟದ್ದೂ ಅದೇ ಲೆಕ್ಕದಲ್ಲಿ. ತಿಂಗಳಿಗೆ ಇಷ್ಟು, ಮುಗಿದರೆ ಒಂದನೇ ತಾರೀಕಿನವರೆಗೆ ಕೈಕಟ್ಟಿ ಕೂರು. ಇಪ್ಪತ್ತೆಂಟನೇ ತಾರೀಕಿಗೆ ಕ್ವೋಟಾ ಉಳಿದವನಿಗೆ ಹಾಸ್ಟೆಲಿನಲ್ಲಿ ಜಮೀನ್ದಾರನ ಮರ್ಯಾದೆ ಇತ್ತಂತೆ, ಬೇರೆಯವರು ಅವನ ಬಟ್ಟೆ ಇಸ್ತ್ರಿ ಮಾಡಿಕೊಡುತ್ತಿದ್ದರಂತೆ. ಕೊನೆಯ ಭಾಗಕ್ಕೆ ನಮ್ಮನೆಯವರನ್ನು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ.

ಮನೆಗೆ ಹಾಕಿಸಿಕೊಂಡವರ ಗತಿಯೂ ಹಾಗೇ ಇತ್ತು. ಕ್ವೋಟಾ ಮುಗಿದ ಮೇಲೆ ಕಂಪನಿಯವರು ಕತ್ತು ಹಿಸುಕಿ 64 ಕಿಲೋಬಿಟ್ಟಿಗೆ ಇಳಿಸುತ್ತಿದ್ದರು. ಶಿಕ್ಷೆ ಅನ್ನಿಸಿಕೊಂಡ ಆ ವೇಗ 1989ರಲ್ಲಿ ಇಡೀ ಆಸ್ಟ್ರೇಲಿಯಕ್ಕೆ ಸಿಕ್ಕಿದ್ದಕ್ಕಿಂತ ಜಾಸ್ತಿ! ನಡುರಾತ್ರಿ ಮೇಲೆ ಬಳಸಿದರೆ ಬೇರೆ ಕ್ವೋಟಾ ಕೊಡುತ್ತಿದ್ದ ಕಂಪನಿಗಳೂ ಇದ್ದವು. ಅಲಾರಂ ಇಟ್ಟು ಎದ್ದು ಡೌನ್‌ಲೋಡ್ ಹಚ್ಚಿ ಮತ್ತೆ ಮಲಗುತ್ತಿದ್ದ ಗಂಡಸೊಬ್ಬರು ನನಗೆ ಚೆನ್ನಾಗಿ ಗೊತ್ತು. ಕೂಸು ಅತ್ತಾಗ ಮಾತ್ರ ಅವರಿಗೆ ಎಚ್ಚರವಾಗುತ್ತಿರಲಿಲ್ಲ.

ದುಡ್ಡಿನ ಹಿಂದೆಯೇ ಕೋರ್ಟೂ ಬಂತು. 2003ರಲ್ಲಿ ಸೋನಿ, ಇಎಂಐ, ಯೂನಿವರ್ಸಲ್ ಎಂಬ ಹಾಡಿನ ಕಂಪನಿಗಳು ಸಿಡ್ನಿ, ಮೆಲ್ಬರ್ನ್, ಟಾಸ್ಮೇನಿಯ ವಿಶ್ವವಿದ್ಯಾಲಯಗಳನ್ನು ಫೆಡರಲ್ ಕೋರ್ಟಿಗೆ ಎಳೆದವು: ನಿಮ್ಮ ಕಂಪ್ಯೂಟರುಗಳಲ್ಲಿ ನಮ್ಮ ಹಾಡು ಇದೆ, ಸಾಕ್ಷ್ಯ ತೋರಿಸಿ ಅಂತ. ಹಾಡು ಕದ್ದವರು ಹುಡುಗರು, ಕಟಕಟೆಗೆ ಹೋದದ್ದು ವಿಶ್ವವಿದ್ಯಾಲಯ. ಟೊರೆಂಟ್ ಅಂದರೆ ಹಾಸ್ಟೆಲಿನವರು ಇವತ್ತಿಗೂ ಬೆಚ್ಚುವುದಕ್ಕೆ ಕಾರಣ ಬೇರೆ ಹೇಳಬೇಕೆ?

ಮೆಗಾಬೈಟ್ ಬಿಲ್ಲಿನ ಕಾಲ ಹೋಯಿತು, ಕಟ್ಟುಪಾಡು ಹೋಗಲಿಲ್ಲ. ನಾನು ಹೇಳುವುದಿಷ್ಟೇ: ಬಿಲ್ಲು ಯಾರ ಹೆಸರಿಗೆ ಬರುತ್ತದೋ ಅವರೊಳಗೆ ಒಬ್ಬ ವಾರ್ಡನ್ ಹುಟ್ಟಿಕೊಳ್ಳುತ್ತಾನೆ. ಬಿಲ್ಲು ಕಮ್ಮಿಯಾದರೂ ವಾರ್ಡನ್ ಸಾಯುವುದಿಲ್ಲ. ಅದಕ್ಕೆ ಆಸ್ಟ್ರೇಲಿಯವೇ ಆಗಬೇಕೆಂದಿಲ್ಲ. ಹುಡುಗರು ಬೆಳಗಿನ ಕ್ಲಾಸಿಗೆ ಬರುತ್ತಿಲ್ಲ ಅಂತ ಐಐಟಿ ಮುಂಬೈಯವರು 2007ರಲ್ಲಿ ಹಾಸ್ಟೆಲುಗಳಿಗೆ ರಾತ್ರಿ ಇಂಟರ್ನೆಟ್ ಕಡಿದಿದ್ದರು. ನಮ್ಮ ಕಾಸರಗೋಡಿನಿಂದ ರೈಲು ಹತ್ತಿದರೆ ಸಿಗುವ ಕೋಳಿಕ್ಕೋಡಿನ ಕಡೆಯ ಕಾಲೇಜೊಂದರಲ್ಲಿ ಹುಡುಗಿಯರ ಹಾಸ್ಟೆಲಿನವರು ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಮೊಬೈಲ್ ಕಿತ್ತಿಟ್ಟುಕೊಳ್ಳುತ್ತಿದ್ದರು. ಒಬ್ಬ ಬಿ.ಎ. ಹುಡುಗಿ ಆಗುವುದಿಲ್ಲ ಅಂದಳು, ಹಾಸ್ಟೆಲಿನಿಂದ ಹೊರಗೆ ಹಾಕಿದರು, ಅವಳು ಹೈಕೋರ್ಟಿಗೆ ಹೋದಳು. ಇಂಟರ್ನೆಟ್ ಬಳಸುವುದು ಓದುವ ಹಕ್ಕಿನ, ಖಾಸಗಿತನದ ಹಕ್ಕಿನ ಭಾಗ ಅಂತ 2019ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟು ಹೇಳಿ ಅವಳನ್ನು ಒಳಗೆ ಸೇರಿಸಿತು. ಈ ಸುದ್ದಿ ಹೇಳಿದಾಗ ನಮ್ಮ ಹುಡುಗರು ಚಪ್ಪಾಳೆ ತಟ್ಟಿದರು. ಅವರ ಚಳವಳಿ ಚಪ್ಪಾಳೆಯಿಂದ ಮುಂದೆ ಹೋಗುವುದಿಲ್ಲ, ವೀಸಾ ಭಯ.

ವಾರ್ಡನ್ ಕಡೆಯ ನ್ಯಾಯವನ್ನೂ ಹೇಳಬೇಕು, ಇಲ್ಲದಿದ್ದರೆ ಪಾಪ ಬರುತ್ತದೆ. ದಾವಣಗೆರೆ ಹುಡುಗನೊಬ್ಬ ಕದ್ದು ಒಂದು ಸಣ್ಣ ರೌಟರ್ ತಂದ. ಗೋಡೆಯ ಸಾಕೆಟ್ಟಿನಿಂದ ಬಂದ ವೈರನ್ನು ರೌಟರಿನ ಯಾವ ತೂತಿಗೆ ಹಾಕಬೇಕೋ ಅದಕ್ಕೆ ಹಾಕದೆ ಪಕ್ಕದ್ದಕ್ಕೆ ಹಾಕಿದ. ತಗೋ, ಆ ರೌಟರು ತಾನೇ ಈ ಕಟ್ಟಡದ ಯಜಮಾನ ಅಂದುಕೊಂಡು ಇಡೀ ಮಹಡಿಯ ಕಂಪ್ಯೂಟರುಗಳಿಗೆ ತನ್ನದೇ ವಿಳಾಸ ಹಂಚತೊಡಗಿತು. ಮಹಡಿಗೆ ಮಹಡಿಯೇ ಕತ್ತಲು. ಚೀನಾದ ಹುಡುಗಿಗೆ ಅರ್ಧರಾತ್ರಿಗೆ ಸಬ್‌ಮಿಷನ್ನು, ನೇಪಾಳದವನಿಗೆ ಹೆಂಡತಿ ಜೊತೆ ವಿಡಿಯೋ ಕಾಲು, ಎಲ್ಲರೂ ಕಾರಿಡಾರಿನಲ್ಲಿ. ನಮ್ಮವನೂ ಹೊರಗೆ ಬಂದು ಎಲ್ಲರಿಗಿಂತ ಜೋರಾಗಿ "ಏನ್ರೀ ಇದು ಅನ್ಯಾಯ" ಅಂತ ಇಂಗ್ಲಿಷಿನಲ್ಲಿ ಕೂಗಾಡಿದನಂತೆ.

ಆಮೇಲೆ ವೈರು ಸರಿಮಾಡಿಕೊಂಡ. ತಪಾಸಣೆಗೆ ಬಂದರೆ ಕಾಣಬಾರದು ಅಂತ ರೌಟರನ್ನು ಅಮ್ಮ ಕೊಟ್ಟು ಕಳಿಸಿದ ಸ್ಟೀಲ್ ಅಕ್ಕಿ ಡಬ್ಬಿಯೊಳಗೆ ಇಟ್ಟು, ವೈರು ಹೋಗುವಷ್ಟು ಸಂದು ಬಿಟ್ಟು, ಮುಚ್ಚಳ ಹಾಕಿ, ಮೇಲೊಂದು ಟವೆಲ್ ಹೊದಿಸಿದ. ಮಂಚಕ್ಕೆ ಹೋಗಿ ನೋಡಿದರೆ ಸಿಗ್ನಲ್ಲೇ ಇಲ್ಲ. ರೌಟರ್ ಕೆಟ್ಟಿತು ಅಂತ ವಾಪಸ್ ಕೊಡಲು ಹೊರಟವನು ಎಲೆಕ್ಟ್ರಾನಿಕ್ಸಿನಲ್ಲಿ ಬಿ.ಇ. ಮಾಡಿ, ಇಲ್ಲಿ ಟೆಲಿಕಮ್ಯುನಿಕೇಷನ್ ಮಾಸ್ಟರ್ಸ್ ಓದುತ್ತಿರುವವನು! ಲೋಹದ ಪೆಟ್ಟಿಗೆಯಿಂದ ರೇಡಿಯೋ ಅಲೆ ಹೊರಗೆ ಬರುವುದಿಲ್ಲ ಅನ್ನುವ ಫ್ಯಾರಡೆ ಪಂಜರದ ಪಾಠವನ್ನು ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದು ಅಂಕ ತಗೊಂಡಿದ್ದಾನೆ. ಅದು ಅಮ್ಮನ ಅಕ್ಕಿ ಡಬ್ಬಿಗೂ ಅನ್ವಯಿಸುತ್ತದೆ ಅಂತ ಯಾರೂ ಹೇಳಿರಲಿಲ್ಲವಂತೆ.

ನೇರ ದಾರಿ ಹಿಡಿದವರು ಲೈಬ್ರರಿಗೆ ಹೋಗುತ್ತಾರೆ. ಸಿಡ್ನಿ ವಿಶ್ವವಿದ್ಯಾಲಯದ ಫಿಷರ್ ಲೈಬ್ರರಿಯಲ್ಲಿ ರಾತ್ರಿಯಿಡೀ ಕೂರಬಹುದು. ಅಲ್ಲಿ ಎಜುರೋಮ್ ಅನ್ನುವ ವೈಫೈ, ಒಂದು ಸಲ ಲಾಗಿನ್ ಆದರೆ ಮೆಲ್ಬರ್ನಿಗೆ ಹೋದರೂ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ ಹೋದರೂ ಫೋನು ತಾನೇ ಗುರುತು ಹಿಡಿದು ಜೋಡಿಸಿಕೊಳ್ಳುತ್ತದೆ. ಮಗ ರಾತ್ರಿ ಎರಡು ಗಂಟೆಗೂ ಲೈಬ್ರರಿಯಲ್ಲಿದ್ದಾನೆ ಅಂತ ಊರಲ್ಲಿ ಅಮ್ಮಂದಿರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಾನು ಬಾಯಿ ಬಿಡುವುದಿಲ್ಲ.

ಹುಳಿ, ಪಲ್ಯಕ್ಕೆ ಮಿತಿ ಇಲ್ಲದ ನಮ್ಮನೆಯಲ್ಲಿ ವೈಫೈಗೂ ಇರಲಿಲ್ಲ, 2025ರ ಜೂನ್ 3ರ ತನಕ. ಪಾಸ್‌ವರ್ಡ್ ಒಂದೇ ತೊಡಕು. ನಮ್ಮನೆಯವರು ಹಾಸನದವರು, "ಹಾಸನದ ಹಲಸು" ಅಂತ ಇಟ್ಟಿದ್ದಾರೆ. ಮಂಡ್ಯದ ಹುಡುಗ ತನ್ನ ಬಾಯಲ್ಲಿ ಬಂದ ಹಾಗೇ "ಆಸನದ ಅಲಸು" ಅಂತ ಒತ್ತಿ ಒತ್ತಿ ಸುಸ್ತಾದ.

ಆ ದಿನ ಆರ್‌ಸಿಬಿ ಫೈನಲ್. ಅಹಮದಾಬಾದಿನಲ್ಲಿ ಸಂಜೆ ಏಳೂವರೆ ಅಂದರೆ ನಮಗೆ ಸರಿಯಾಗಿ ನಡುರಾತ್ರಿ. ಆಟ ನೋಡಲು ಊರಿನಲ್ಲಿ ಅಪ್ಪ ದುಡ್ಡು ಕಟ್ಟಿದ ಆ್ಯಪು, ಅದಕ್ಕೆ ಬೇಕು ವಿಪಿಎನ್ನು, ಹಾಸ್ಟೆಲಿನಲ್ಲಿ ಅದು ಬಂದ್. ಮಂಗಳವಾರ ಸಂಜೆಯೇ ಹುಡುಗರೆಲ್ಲ ಕಂಬಳಿ ಸಮೇತ ಹಾಜರು. ಹೊರಗೆ ಜೂನ್ ಚಳಿ, ಒಳಗೆ ಹದಿನೆಂಟು ವರ್ಷದ ಬಿಸಿ. ಎಲ್ಲರ ಲ್ಯಾಪ್‌ಟಾಪು, ಎಲ್ಲರ ಫೋನು, ಓಟಿಪಿ ಫೋನುಗಳೂ ಸೇರಿ ನಮ್ಮ ರೌಟರಿಗೆ ನೇತುಬಿದ್ದವು. ಸೋಫಾದಲ್ಲಿದ್ದ ಪುತ್ತೂರು ಹುಡುಗಿಯ ಲ್ಯಾಪ್‌ಟಾಪಿಗೆ ಆಟ ಮೊದಲು ಬರುತ್ತಿತ್ತು, ನೆಲದ ಮೇಲಿದ್ದ ದಾವಣಗೆರೆಯವನಿಗೆ ಅರ್ಧ ನಿಮಿಷ ತಡವಾಗಿ. ಅವಳು ಕಿರುಚಿದರೆ ಇವನು "ಹೇಳ್ಬೇಡ ಕಣೇ, ಹೇಳ್ಬೇಡ" ಅಂತ ಕಿವಿ ಮುಚ್ಚಿಕೊಳ್ಳುತ್ತಿದ್ದ. ಕೊನೆಯ ಓವರ್, ಪಂಜಾಬಿಗೆ 29 ರನ್ ಬೇಕು, ಬೌಲಿಂಗ್ ಇದೇ ನ್ಯೂ ಸೌತ್ ವೇಲ್ಸಿನ ಹೇಜಲ್‌ವುಡ್. ಮೊದಲ ಎರಡು ಎಸೆತಕ್ಕೆ ರನ್ನಿಲ್ಲ. ಸೋಫಾದ ಮೇಲೆ ಕೊಹ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾನೆ, ನೆಲದ ಮೇಲೆ ಇನ್ನೂ ಹಿಂದಿನ ಎಸೆತ. ಅಷ್ಟರಲ್ಲಿ ಎಲ್ಲ ಪರದೆಗಳ ಮೇಲೂ ಆ ಬಿಳಿ ಉಂಗುರ ತಿರುಗತೊಡಗಿತು. ಶಶಾಂಕ್ ಸಿಂಗ್ 6, 4, 6, 6 ಬಾರಿಸಿದ್ದನ್ನು ನಮ್ಮಲ್ಲಿ ಯಾರೂ ನೋಡಲಿಲ್ಲ. ಆರು ರನ್ನಿನಿಂದ ಗೆದ್ದೆವು ಅಂತ ತಿಳಿದದ್ದು ಬಸವನಗುಡಿಯಿಂದ ನನ್ನ ತಮ್ಮ ಮಾಮೂಲಿ ಫೋನ್ ಮಾಡಿ ಅರಚಿದಾಗ.

ಬೆಳಿಗ್ಗೆ ಎಂಟು ಗಂಟೆಗೆ ನಮ್ಮನೆಯವರಿಗೆ ಆಫೀಸಿನ ಮೀಟಿಂಗು. ಇಂಟರ್ನೆಟ್ ಆಗಲೂ ಎದ್ದಿರಲಿಲ್ಲ, ಹುಡುಗರೂ ಎದ್ದಿರಲಿಲ್ಲ. ಆವತ್ತು ಸಂಜೆ ಫ್ರಿಜ್ಜಿನ ಮೇಲೆ ಒಂದು ಚೀಟಿ ಬಂತು, ಕನ್ನಡದಲ್ಲಿ, ಅಚ್ಚುಕಟ್ಟಾಗಿ: ಒಬ್ಬರಿಗೆ ಒಂದೇ ಡಿವೈಸ್. ವಿಪಿಎನ್ ಬಳಸಬಾರದು. ರಾತ್ರಿ ಹತ್ತರ ನಂತರ ವೈಫೈ ಇರುವುದಿಲ್ಲ. ಕೆಳಗೆ ಸಹಿ ಬೇರೆ. "ನೀವು ಹಾಸ್ಟೆಲಿನಲ್ಲಿದ್ದಾಗ ಇಪ್ಪತ್ತೆಂಟನೇ ತಾರೀಕಿಗೆ ಯಾರ ಬಟ್ಟೆ ಇಸ್ತ್ರಿ ಮಾಡ್ತಿದ್ರಿ?" ಅಂತ ಕೇಳಿದೆ. ಉತ್ತರ ಬರಲಿಲ್ಲ.

ಭಾನುವಾರ ಬಂತು, ಹುಡುಗರು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಮೂರು ಲೀಟರ್ ಕುಕ್ಕರಿನ ತುಂಬ ಹುಳಿ ಮಾಡಿಟ್ಟು ನಾವಿಬ್ಬರೇ ಬುಧವಾರದವರೆಗೆ ತಿಂದೆವು. ವಿಚಾರಿಸಿದರೆ ವೆಂಟ್‌ವರ್ತ್‌ವಿಲ್ಲಿನಲ್ಲಿ ಶಿವಮೊಗ್ಗದವರೊಬ್ಬರು ಮನೆತನಕ ಫೈಬರ್ ಎಳೆಸಿದ್ದಾರಂತೆ, ಪಾಸ್‌ವರ್ಡ್ ಬರೀ ಒಂದರಿಂದ ಎಂಟಂತೆ, ಮೇಲಾಗಿ ಆ ಆಂಟಿ ಕಡುಬು ಮಾಡುತ್ತಾರಂತೆ.

ನಮ್ಮನೆಯವರು ಸದ್ದಿಲ್ಲದೆ ಫ್ರಿಜ್ಜಿನ ಮೇಲಿನ ಚೀಟಿ ಕಿತ್ತರು. ಆಮೇಲೆ ಅಡುಗೆಮನೆ ಬಾಗಿಲಿಗೆ ಒರಗಿ ನಿಂತು, "ಅಕ್ಕಿರೊಟ್ಟಿ ಮಾಡಿದ್ರೆ ಬರ್ತಾರೇನೇ?" ಅಂದರು.