ಬಿಚ್ಚಿ ಒಗೀರಿ ಅದನ್ನ!

ಹಾವೇರಿ ಜಿಲ್ಲೆಯ ಯಾವುದಾದರೂ ರಸ್ತೆಯಲ್ಲಿ ಕಾರು ನಿಲ್ಲಿಸಿ ಬಾನೆಟ್ ಎತ್ತಿ ನೋಡಿ. ಒಂಟಿತನ ನಿಮ್ಮ ಹತ್ತಿರ ಸುಳಿಯುವುದಿಲ್ಲ. ಮೊದಲು ಒಬ್ಬ ಬೈಕಿನವ ನಿಲ್ಲುತ್ತಾನೆ, ಅವನ ಬೆನ್ನಿಗೇ ಟ್ರ್ಯಾಕ್ಟರಿನವ. ಆಮೇಲೆ ಕಟ್ಟೆಯ ಮೇಲೆ ಎಲೆ ಅಡಿಕೆ ಮೆಲ್ಲುತ್ತಿದ್ದ ಹಿರಿಯರು ಧೋತರ ಕೊಡವಿಕೊಂಡು ಎದ್ದು ಬರುತ್ತಾರೆ. ಇವರಲ್ಲಿ ಅರ್ಧ ಜನ ಕಾರು ಇಟ್ಟವರಲ್ಲ. ಕಾರಿಗೆ ಔಷಧ ಹೇಳಲು ಕಾರು ಇರಲೇಬೇಕೆಂದು ಯಾವ ಕಾನೂನೂ ಇಲ್ಲವಲ್ಲ!

ಎಂಜಿನ್ ಕಾಯ್ದು ಹಬೆ ಬಿಡುತ್ತಿದ್ದರಂತೂ ತಾಲ್ಲೂಕಿಗೊಂದು ಔಷಧ. ಹಾನಗಲ್ಲಿನವರು ಆನೆಕೆರೆ, ಧರ್ಮಾ ಕಾಲುವೆ ಕಂಡು ಬೆಳೆದವರು. "ನೀರ ಹಾಕ್ರಿ, ಇನ್ನೊಂದ ಕೊಡ ತರ್ರಿ" ಎನ್ನುವುದು ಬಿಟ್ಟರೆ ಅವರಿಗೆ ಬೇರೆ ಚಿಕಿತ್ಸೆ ಹೊಳೆಯದು. ಶಿಗ್ಗಾವಿಯವರು ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದವರು. ಬಂಕಾಪುರದ ಕಡೆ ಕೆಟ್ಟು ನಿಂತ ಲಾರಿಗಳನ್ನು ನೋಡಿ ನೋಡಿ ಅವರ ಬಾಯಿಗೆ ದೊಡ್ಡ ರೋಗವೇ ಬರುತ್ತದೆ: "ಹೆಡ್ ಗ್ಯಾಸ್ಕೆಟ್ ಹೋಗೇತಿ. ಎಂಜಿನ್ ಇಳಸೂದ." ಹಿರೇಕೆರೂರಿನದು ಸರ್ವಜ್ಞನ ಸೀಮೆ. ಆತ ಅಬಲೂರಿನವನೋ ಮಾಸೂರಿನವನೋ ಎಂಬ ವಾದ ಮುಗಿಯದಿದ್ದರೂ ಆತನ ವಂಶ ಬೆಳೆದಿದೆ ಎಂಬುದಕ್ಕೆ ಬಾನೆಟ್ ಎತ್ತಿದರೆ ಸಾಕು, ಪುರಾವೆ ಸುತ್ತ ನೆರೆಯುತ್ತದೆ. ಸವಣೂರಿನವರು ಮಾತ್ರ ನವಾಬರ ಊರಿಗೆ ತಕ್ಕ ಹಾಗೆ ವಿಚಾರಣೆ ಇಲ್ಲದೆ ಆಜ್ಞೆ ಹೊರಡಿಸುತ್ತಾರೆ: "ಥರ್ಮೋಸ್ಟಾಟ್ ವಾಲ್ ಐತಲ್ಲ, ಬಿಚ್ಚಿ ಒಗೀರಿ ಅದನ್ನ!"

ಈ ಆಜ್ಞೆ ಬಂತೆಂದರೆ ಉಳಿದ ಮೂರೂ ತಾಲ್ಲೂಕುಗಳು ತಮ್ಮ ಭಿನ್ನಾಭಿಪ್ರಾಯ ಮರೆತು ತಲೆಯಾಡಿಸುತ್ತವೆ. ನಮ್ಮ ಕಡೆ ಜನ ಇಷ್ಟು ಒಮ್ಮತಕ್ಕೆ ಬಂದದ್ದನ್ನು ನಾನು ಬೇರೆ ಯಾವ ವಿಷಯದಲ್ಲೂ ಕಂಡಿಲ್ಲ.

ಹೀಗೆ ಎಲ್ಲರ ಕಣ್ಣಿಗೆ ಕಸವಾದ ಆ ವಾಲ್ ಇರುವುದು ಹಿಡಿಯೊಳಗೆ ಮುಚ್ಚಿಕೊಳ್ಳುವಷ್ಟು. ಒಂದು ಹಿತ್ತಾಳೆಯ ಗುಳಿಗೆ, ಅದರೊಳಗೆ ಮೇಣ, ಮೇಣದೊಳಗೆ ಮೊಳೆಯಂಥ ಒಂದು ಕಡ್ಡಿ, ಹೊರಗೆ ಸ್ಪ್ರಿಂಗು, ಮೇಲೊಂದು ತಟ್ಟೆ. ಎಂಜಿನ್ ತಣ್ಣಗಿರುವಾಗ ತಟ್ಟೆ ಮುಚ್ಚಿರುತ್ತದೆ, ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನ ಒಳಗೇ ತಿರುಗಿ ಬೇಗ ಬಿಸಿಯಾಗುತ್ತದೆ. ಬಿಸಿ ಏರಿದಂತೆ ಮೇಣ ಕರಗಿ ಉಬ್ಬಿ ಕಡ್ಡಿಯನ್ನು ದೂಡುತ್ತದೆ, ತಟ್ಟೆ ಸರಿದು ದಾರಿ ತೆರೆಯುತ್ತದೆ. ಆರಿದರೆ ಸ್ಪ್ರಿಂಗು ಮತ್ತೆ ಮುಚ್ಚುತ್ತದೆ. ವೈರಿಲ್ಲ, ಬ್ಯಾಟರಿ ಇಲ್ಲ. ಬಿಸಿಯೇ ತನ್ನ ಬಾಗಿಲನ್ನು ತಾನು ತೆರೆದುಕೊಳ್ಳುವ ಈ ಬಗೆಯ ಯುಕ್ತಿಯನ್ನು 17ನೇ ಶತಮಾನದಲ್ಲೇ ಕಾರ್ನೆಲಿಸ್ ಡ್ರೆಬೆಲ್ ಎಂಬ ಡಚ್ಚರವನು ಕೋಳಿಮೊಟ್ಟೆ ಮರಿಯಾಗಿಸುವ ಪೆಟ್ಟಿಗೆಗೆ ಹೂಡಿದ್ದ. ಮೇಣ ತುಂಬಿದ ಗುಳಿಗೆ ಬಂದದ್ದು 1930ರ ದಶಕದಲ್ಲಿ, ಸರ್ಜಿಯಸ್ ವರ್ನೆ ಎಂಬಾತನ ಕೈಯಿಂದ. ಅಷ್ಟೆಲ್ಲ ತಲೆ ಓಡಿಸಿ ಮಾಡಿದ್ದನ್ನು ನಾವು ಬೇಲಿಯಾಚೆ ಒಗೆಯುತ್ತೇವೆ.

ಒಗೆದರೆ ಏನಾಗುತ್ತದೆ? ಸವಣೂರಿನ ನಮ್ಮ ಭಾವನನ್ನು ಕೇಳಬೇಕು. ವಾಲ್ ಬಿಚ್ಚಿಸಿ ವರ್ಷಗಳಾದವು. "ನನ್ನ ಗಾಡಿ ಕಾಯೂದ ಇಲ್ಲ" ಎಂದು ಎದೆ ತಟ್ಟಿಕೊಳ್ಳುತ್ತಾನೆ. ಹೌದು, ಅದೇ ರೋಗ. ಪುಷ್ಯ ಮಾಸದ ನಸುಕಿನಲ್ಲಿ ಹಾವೇರಿಗೆ ಹೊರಟರೆ ಊರು ಬಂದರೂ ಅವನ ಎಂಜಿನ್ನಿಗೆ ಮೈಚಳಿ ಬಿಟ್ಟಿರುವುದಿಲ್ಲ. ತಣ್ಣನೆಯ ಎಂಜಿನ್ ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಆಯಿಲ್ ದಪ್ಪಗೇ ಇದ್ದು ಒಳಗಿನ ತಿಕ್ಕಾಟ ಹೆಚ್ಚುತ್ತದೆ, ಹೀಟರ್ ಹಚ್ಚಿದರೆ ತಂಗಾಳಿ ಬೀಸುತ್ತದೆ. ಬಂಕಿನಲ್ಲಿ ಕೊಡುವ ಹೆಚ್ಚಿನ ದುಡ್ಡಿಗೆ ಅವನು ಸವಣೂರ ಖಾರಾ ತಂದಿದ್ದರೆ ಬೀಗರೆಲ್ಲ ಬೇಸಿಗೆ ಕಳೆಯಬಹುದಿತ್ತು. ಇನ್ನೂ ಒಂದು ತಮಾಷೆ ಇದೆ. ಕೆಲವು ಎಂಜಿನ್‌ಗಳಲ್ಲಿ ಈ ವಾಲ್‌ಗೆ ಎರಡು ಕೆಲಸ: ರೇಡಿಯೇಟರಿನ ದಾರಿ ತೆರೆಯುವಾಗ ಒಳಸುತ್ತಿನ ದಾರಿಯನ್ನು ಮುಚ್ಚುವುದೂ ಅದೇ. ಅಂಥದ್ದನ್ನು ಕಿತ್ತರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿನ ಮುಖವನ್ನೇ ನೋಡದೆ ಒಳಗೇ ಸುತ್ತುತ್ತದೆ. ತಂಪಾಗಲೆಂದು ಒಗೆದ ಮೇಲೆ ಗಾಡಿ ಇನ್ನಷ್ಟು ಕಾಯುತ್ತದೆ. ಆಗ ಅದೇ ಕಟ್ಟೆಯ ಹಿರಿಯರು ಶಿಗ್ಗಾವಿಯ ಪಕ್ಷಕ್ಕೆ ಜಿಗಿದು ಹೆಡ್ ಗ್ಯಾಸ್ಕೆಟ್ ಎನ್ನುತ್ತಾರೆ.

ಇಷ್ಟು ಹಿನ್ನೆಲೆ ಇರುವಾಗಲೇ ಹಾನಗಲ್ಲಿನ ನಮ್ಮ ಸೋದರಮಾವನ ಹಳೇ ಕಾರು ಹಿರೇಕೆರೂರಿನ ಮದುವೆ ಮುಗಿಸಿ ಬರುವಾಗ ಕಾಯ್ದು ನಿಂತದ್ದು. ಸಭೆ ಸೇರಿತು, ಆಜ್ಞೆಯಾಯಿತು. ಮಾವ ಆಗಲೇ ಪಾನಾ ಹುಡುಕಲು ಡಿಕ್ಕಿಗೆ ತಲೆ ಹಾಕಿದ್ದ. ನಾನು ಅಡ್ಡ ಬಂದೆ.

"ಮಾಮಾ, ತಪ್ಪ ಮಾಡೇತೋ ಇಲ್ಲೋ ನೋಡಿ ಶಿಕ್ಷಾ ಕೊಡೋಣು."

"ಕಾರಿನ್ಯಾಗ ಕೋರ್ಟ್ ಹಚ್ಚಬ್ಯಾಡೋ ಮಾರಾಯಾ" ಎಂದ ಮಾವ, ಆದರೂ ಪಾನಾ ಕೆಳಗಿಟ್ಟ.

ಪತ್ತೆ ಹಚ್ಚಲು ಎಂಜಿನ್ ಬಿಚ್ಚಬೇಕಾಗಿಲ್ಲ, ಕೈ ಸಾಕು. ಹೇಗೋ ಮನೆ ಮುಟ್ಟಿ, ಮರುದಿನ ಮುಂಜಾನೆ ತಣ್ಣಗಿದ್ದ ಗಾಡಿಯನ್ನು ಚಾಲೂ ಮಾಡಿ ರೇಡಿಯೇಟರಿನ ಮೇಲಿನ ಪೈಪನ್ನು ಆಗಾಗ ಮುಟ್ಟಿ ನೋಡುತ್ತ ನಿಂತೆವು. ಫ್ಯಾನಿನ ಕಡೆ ಅಂಗಿಯ ತೋಳು, ಧೋತರದ ಚುಂಗು ಹೋಗಬಾರದು. ಕರೆಂಟಿನ ಫ್ಯಾನು ಯಾವ ಗಳಿಗೆಯಲ್ಲಾದರೂ ತಿರುಗೀತು. ವಾಲ್ ಸರಿಯಿದ್ದರೆ ಆ ಪೈಪು ಮೊದಲು ಕೆಲ ನಿಮಿಷ ತಣ್ಣಗಿದ್ದು, ಬಾಗಿಲು ತೆರೆದಾಗ ಬೇಗನೆ ಬಿಸಿಯಾಗಬೇಕು. ಮೊದಲಿನಿಂದಲೇ ಸ್ವಲ್ಪಸ್ವಲ್ಪ ಬೆಚ್ಚಗಾಗುತ್ತ ಹೋದರೆ ಬಾಗಿಲು ತೆರೆದೇ ಕೂತಿದೆ, ಇಲ್ಲವೆ ಭಾವನ ಗಾಡಿಯಂತೆ ಬಾಗಿಲೇ ಇಲ್ಲ. ಮಾವನ ಗಾಡಿಯಲ್ಲಿ ಮೀಟರಿನ ಮುಳ್ಳು ಕೆಂಪು ಗೆರೆಯ ಕಡೆ ನಡೆದಿದ್ದರೂ ಪೈಪು ಮಾತ್ರ ಬಾವಿಯ ಹಗ್ಗದಷ್ಟು ತಣ್ಣಗಿತ್ತು. ರೇಡಿಯೇಟರಿನಲ್ಲಿ ನೀರು ಸರಿಯಾಗಿತ್ತು. ಗಾಡಿ ಬಂದ್ ಮಾಡಿಸಿದೆ. ಗುಮಾನಿ ಬಲವಾಯಿತು.

ಮಾವ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ. ಹಿಡಿದು ಹಿಂದೆಳೆದೆ. ಕಾದ ಗಾಡಿಯ ಮುಚ್ಚಳದೊಳಗೆ ನೀರು ಒತ್ತಡದಲ್ಲಿರುತ್ತದೆ, 100 ಡಿಗ್ರಿ ದಾಟಿಯೂ ಕುದಿಯದೆ ಹೊಂಚು ಹಾಕಿರುತ್ತದೆ. ಮುಚ್ಚಳ ಸಡಿಲಾದ ಕೂಡಲೇ ಮುಖಕ್ಕೆ ಎರಗುತ್ತದೆ. ಪೂರ್ತಿ ಆರುವ ತನಕ ಚಹಾ ಕುಡಿಯುವುದೇ ಸರಿಯಾದ ರಿಪೇರಿ.

ಆರಿದ ಮೇಲೆ ಮೇಲಿನ ಪೈಪಿನ ಗುಂಟ ಎಂಜಿನ್ನಿನ ಕಡೆ ಹೋದೆವು. ಪೈಪು ಕೂಡುವಲ್ಲಿ ಅಲ್ಯೂಮಿನಿಯಂ ಮೂತಿ, ಅದಕ್ಕೆ ಎರಡು ಬೋಲ್ಟು, ಹತ್ತು ನಂಬರ್ ಪಾನಾ. ಕೆಲವು ಗಾಡಿಗಳಲ್ಲಿ ಇದು ಕೆಳಗಿನ ಪೈಪಿನ ಕಡೆ ಅಡಗಿರುತ್ತದೆ, ಹೊಸ ಗಾಡಿಗಳಲ್ಲಿ ಪ್ಲಾಸ್ಟಿಕ್ ಮನೆ ಸಮೇತ ಇಡಿಯಾಗಿಯೇ ಬದಲಿಸಬೇಕಾಗುತ್ತದೆ. ಹಳೆಯದರ ಸುಖ ಹಳೆಯದಕ್ಕೇ. ಬಿಚ್ಚುವ ಮೊದಲು ಕೂಲಂಟ್ ಇಳಿಸಲು ಬಕೆಟ್ ಇಟ್ಟೆವು. ಈ ಹಸಿರು ನೀರು ನಾಲಿಗೆಗೆ ಸಿಹಿ, ಹೊಟ್ಟೆಗೆ ವಿಷ. ನಾಯಿ ಬೆಕ್ಕು ನೆಕ್ಕಿದರೆ ಉಳಿಯುವುದು ಕಷ್ಟ. ಅದಕ್ಕೇ ಇಳಿದದ್ದನ್ನು ಕೂಡಲೇ ಮುಚ್ಚಿಟ್ಟೆವು. ಆದರೆ ಮಾವನ ಗಾಡಿಯಿಂದ ಇಳಿದದ್ದು ಹೆಚ್ಚುಪಾಲು ಬೋರಿನ ಸವಳು ನೀರು, ತುಕ್ಕಿನ ಬಣ್ಣದ್ದು. "ಇನ್ನೊಂದ ಕೊಡ" ಎನ್ನುವವರೆಲ್ಲ ವರ್ಷಗಟ್ಟಲೆ ಎರೆದ ಪುಣ್ಯ. ಮೂತಿ ತೆಗೆದರೆ ವಾಲ್‌ನ ಮೈತುಂಬ ಸ್ನಾನದ ಹಂಡೆಯ ತಳದಲ್ಲಿ ಕಟ್ಟುವಂಥದೇ ಬಿಳಿ ಹಕ್ಕಳೆ.

ಇನ್ನು ವಿಚಾರಣೆ. ಹಾನಗಲ್ಲೇ ವಿರಾಟನಗರ ಎಂದು ಊರಿನ ಪ್ರತೀತಿ. ಹಾಗಿದ್ದರೆ ಭೀಮಸೇನ ಬಲ್ಲವನೆಂಬ ಹೆಸರಿನಲ್ಲಿ ಸೌಟು ತಿರುವಿದ್ದೂ ಇದೇ ಊರಲ್ಲಿ ಅನ್ನಬೇಕಾಗುತ್ತದೆ. ಭೀಮನಿಗೆ ಸಿಕ್ಕ ಅಡಿಗೆಮನೆ ಮಾತ್ರ ನಮ್ಮ ಮಾವನಿಗೆ ಸಿಗಲಿಲ್ಲ. ಅತ್ತಿ ಹೊಸ್ತಿಲಲ್ಲೇ ತಡೆದಳು: "ಅಳಿಯಾ, ಆ ಹೊಲಸ ತಗೊಂಡು ನನ್ನ ಹಾಲಿನ ಪಾತೇಲಿ ಮುಟ್ಟಿದ್ರ ನಿಮ್ಮ ಮಾಮಾನ್ನ ಅದರಾಗ ಕುದಸ್ತೇನಿ ನೋಡು." ಆಕೆ ಹೇಳಿದ್ದು ಶಾಸ್ತ್ರಕ್ಕೂ ಸರಿ. ಕೂಲಂಟ್ ಮೆತ್ತಿದ ವಸ್ತು ಕುದಿಸಿದ ಪಾತ್ರೆ ಮತ್ತೆ ಅನ್ನ-ಹಾಲಿಗೆ ಬರಬಾರದು. ಹಿತ್ತಲಲ್ಲಿ ಹಳೆಯ ಒಲೆ, ಸಣ್ಣಗೆ ಸೊಟ್ಟಾದ ಜರ್ಮನ್ ಪಾತ್ರೆ ಮಂಜೂರಾದವು.

ಬಿಸಿ ಅಳೆಯುವುದು ಯಾವುದರಿಂದ? ಮಾವ ಒಳಗೆ ಹೋಗಿ ಹೆಮ್ಮೆಯಿಂದ ಮೊಮ್ಮಗಳ ಜ್ವರದ ಥರ್ಮಾಮೀಟರ್ ತಂದ. ಅದರ ಗೆರೆ ಮುಗಿಯುವುದು 42ಕ್ಕೆ. ಕುದಿನೀರಿಗೆ ಇಟ್ಟರೆ ಒಡೆದು ಪಾದರಸ ಚೆಲ್ಲಿ ಬೇರೆಯೇ ಪ್ರಕರಣ ಶುರುವಾಗುತ್ತದೆ. ಕೊನೆಗೆ ಓಣಿಯ ಹೈಸ್ಕೂಲ್ ವಿಜ್ಞಾನದ ಮಾಸ್ತರರು 110 ಡಿಗ್ರಿಯವರೆಗೆ ಗೆರೆ ಇದ್ದದ್ದನ್ನು ತಾವೇ ಹಿಡಿದುಕೊಂಡು ಬಂದರು. ಬೇರೆಯವರ ಕೈಗೆ ಕೊಡಲಿಲ್ಲ. ಕೊಡಬಾರದೂ ಕೂಡ.

ಎರಡು ವಾಲ್ ಇದ್ದವು: ಆರೋಪಿ, ಮತ್ತು ಹುಬ್ಬಳ್ಳಿಯಿಂದ ತರಿಸಿದ ಹೊಸದು. ಎರಡರ ಅಂಚಿನಲ್ಲೂ 82 ಎಂದು ಅಚ್ಚೊತ್ತಿತ್ತು. ತೆರೆಯಲು ಶುರುವಾಗಬೇಕಾದ ಬಿಸಿ ಅದು, ಎರಡು ಡಿಗ್ರಿ ಆಚೀಚೆ ಆದರೆ ತಪ್ಪಿಲ್ಲ. ಇಲ್ಲೊಂದು ಯುಕ್ತಿ ಉಂಟು. ಸ್ಪ್ರಿಂಗ್ ಒತ್ತಿ ತಟ್ಟೆಯನ್ನು ಕೂದಲೆಳೆಯಷ್ಟು ಸರಿಸಿ ಸಂದಿಯಲ್ಲಿ ದಾರ ಕಚ್ಚಿಸಬೇಕು. ಆ ಸ್ಪ್ರಿಂಗು ಒತ್ತಲು ಭೀಮನೇ ಬೇಕಾಗುತ್ತದೆ, ಮಾವನ ಕಣ್ಣಲ್ಲಿ ನೀರು ಬಂತು. ದಾರ ಹಿಡಿದು ನೀರಿನ ನಡುವೆ ತೂಗುಬಿಡಬೇಕು. ತಳ ಹೆಚ್ಚು ಕಾಯ್ದಿರುವುದರಿಂದ ವಾಲ್ ಆಗಲಿ ಥರ್ಮಾಮೀಟರ್ ಆಗಲಿ ಅಲ್ಲಿಗೆ ತಾಗಬಾರದು. ಬಾಗಿಲು ತೆರೆದ ಗಳಿಗೆಯಲ್ಲಿ ದಾರ ಬಿಡುತ್ತದೆ, ವಾಲ್ ಬೀಳುತ್ತದೆ. ಇಷ್ಟು ಪ್ರಾಮಾಣಿಕ ಸಾಕ್ಷಿ ನಮ್ಮ ಜಿಲ್ಲೆಯ ಯಾವ ಕಟ್ಟೆಯಲ್ಲೂ ಸಿಗುವುದಿಲ್ಲ.

ಮೊದಲು ಆರೋಪಿ. ಮಾಸ್ತರರು ಪಾಠದ ದನಿಯಲ್ಲಿ ಓದಿದರು: ಎಂಬತ್ತು, ಎಂಬತ್ತೆರಡು, ಎಂಬತ್ತೈದು. ಹಿತ್ತಲ ಗೋಡೆಯ ಮೇಲೆ ಆಗಲೇ ನೆರೆಹೊರೆಯ ತಲೆಗಳು ಸಾಲುಗಟ್ಟಿದ್ದವು. ತೊಂಬತ್ತು. ಪಾತ್ರೆಯ ನೀರು ಗುಳುಗುಳು ಅಂದಿತು, ಕುದಿಯಿತು. ವಾಲ್ ದಾರ ಕಚ್ಚಿಕೊಂಡೇ ತೂಗುತ್ತಿತ್ತು. "ನೂರ ಆಗ್ಲಿ ತಡೀರಿ" ಎಂದ ಗೋಡೆಯ ಮೇಲಿನ ಒಬ್ಬ. ಆಗುವುದಿಲ್ಲ. ನಮ್ಮ ಊರುಗಳು ಸಮುದ್ರಮಟ್ಟದಿಂದ 550–600 ಮೀಟರ್ ಮೇಲೆ ಕೂತಿವೆ, ಇಲ್ಲಿ ತೆರೆದ ಪಾತ್ರೆಯ ನೀರು 98ರ ಹೊತ್ತಿಗೇ ಕುದಿದು ಅಲ್ಲೇ ನಿಲ್ಲುತ್ತದೆ. 82ರ ವಾಲ್‌ಗೆ ಅಷ್ಟು ಧಾರಾಳವಾಗಿ ಸಾಕು, 95ರ ಸುಮಾರಿಗೆ ಅದು ಪೂರ್ತಿ ತೆರೆದಿರಬೇಕು. 88ರದ್ದನ್ನು ತಂದು ಕುದಿಸಿ, ಬಾಗಿಲು ಪೂರಾ ತೆರೆಯಲಿಲ್ಲವೆಂದು ದೂರಿದರೆ ಮಾತ್ರ ಅನ್ಯಾಯ.

ಹೊಸದರ ಸರದಿ. ಪಾತ್ರೆಗೆ ತಣ್ಣೀರು ಬೆರೆಸಿ ಮತ್ತೆ ಕಾಯಿಸಿದೆವು. ಮಾಸ್ತರರು ಎಂಬತ್ತೆರಡು ಅನ್ನಲು ಬಾಯಿ ತೆರೆದಿದ್ದರಷ್ಟೇ, ದಾರ ಸಡಿಲಾಗಿ ವಾಲ್ ತಳಕ್ಕೆ ಟಣ್ ಎಂದು ಬಿತ್ತು. ಗೋಡೆಯ ಮೇಲೆ ಚಪ್ಪಾಳೆ. ಅತ್ತಿಯೂ ಬಾಗಿಲಿಗೆ ಬಂದು ಇಣುಕಿದಳು. ಹೊಸದನ್ನೂ ಕುದಿಸಿ ನೋಡಬೇಕೇ ಎಂದರೆ, ಬೇಕು. ಡಬ್ಬಿಯೊಳಗಿಂದಲೇ ಕೆಟ್ಟು ಬಂದದ್ದನ್ನು ಹಾಕಿ ಮತ್ತೆ ಬಿಚ್ಚುವವನಿಗೆ ಕಟ್ಟೆಯವರು ಏನೆನ್ನುತ್ತಾರೆ ಎಂಬುದು ನಿಮಗೆ ಗೊತ್ತೇ ಇದೆ.

ಕೂರಿಸುವುದರಲ್ಲಿ ದೊಡ್ಡ ವಿದ್ಯೆ ಇಲ್ಲ. ಸ್ಪ್ರಿಂಗಿನ ಬದಿ ಎಂಜಿನ್ನಿನ ಕಡೆಗೆ. ಅಂಚಿನಲ್ಲಿ ಗಾಳಿ ಬಿಡುವ ಸಣ್ಣ ಅಲುಗುವ ಮೊಳೆ ಇದ್ದರೆ ಅದು ಮೇಲಕ್ಕೆ. ಹಳೆಯ ಗ್ಯಾಸ್ಕೆಟ್ಟಿನ ಚೂರು ಒಳಗೆ ಬೀಳದಂತೆ ಕೆರೆದು ಹೊಸದು ಹಾಕಬೇಕು. ಕಷ್ಟವಿದ್ದದ್ದು ಮಾವನನ್ನು ತಡೆಯುವುದರಲ್ಲಿ. ಅವನಿಗೆ ಬೋಲ್ಟು ಕಂಡರೆ ಕುಸ್ತಿ ನೆನಪಾಗುತ್ತದೆ, ಅಲ್ಯೂಮಿನಿಯಮ್ಮಿಗೆ ಕುಸ್ತಿ ಆಗದು. ಒಂದಿಷ್ಟು ಇದಕ್ಕೆ, ಒಂದಿಷ್ಟು ಅದಕ್ಕೆ ಎಂದು ಎರಡನ್ನೂ ಸಮನಾಗಿ ಬಿಗಿದು ಪಾನಾ ಕಸಿದುಕೊಂಡೆ. ಒಳಗಿನ ಕೆಂಪು ನೀರು ತಿಳಿಯಾಗುವ ತನಕ ತೊಳೆದು, ಕೂಲಂಟಿಗೆ ಅಷ್ಟೇ ಡಿಸ್ಟಿಲ್ಡ್ ವಾಟರ್ ಬೆರೆಸಿ ತುಂಬಿಸಿದೆವು. ಹೀಟರ್ ಪೂರ್ತಿ ತೆರೆದು, ಮುಚ್ಚಳ ಹಾಕದೆ ಗಾಡಿ ಚಾಲೂ ಇಟ್ಟು, ಪೈಪು ಅದುಮಿ ಅದುಮಿ ಗಾಳಿಗುಳ್ಳೆ ಹೊರಡಿಸಿದೆವು. ಫ್ಯಾನು ತಾನಾಗಿ ತಿರುಗಿ ನಿಂತಿತು. ಆರಿದ ಮೇಲೆ ಕಡಿಮೆ ಬಿದ್ದಷ್ಟು ತುಂಬಿ ಮುಚ್ಚಳ ಹಾಕಿದ್ದಾಯಿತು.

ಸಂಜೆಗೆ ಮಾವ, ಮಾಸ್ತರರು, ನಾನು ತಿಳವಳ್ಳಿ ರಸ್ತೆಯಲ್ಲಿ ಒಂದು ಸುತ್ತು ಹೊರಟೆವು. ಮುಳ್ಳು ನಿಧಾನಕ್ಕೆ ಏರಿ ನಡುಗೆರೆಗಿಂತ ಚೂರು ಕೆಳಗೆ ಬಂದು ನಿಂತಿತು. ದಿಬ್ಬ ಹತ್ತಿದರೂ ಅಲ್ಲೇ, ಎಮ್ಮೆಗಳು ಅಡ್ಡ ಬಂದು ಗಾಡಿ ನಿಂತಾಗಲೂ ಅಲ್ಲೇ. ಮಾವನ ಮುಖದಲ್ಲಿ ಮಾತ್ರ ಚಿಂತೆ ಏರುತ್ತಿತ್ತು. ಎರಡು ಸಲ ಮೀಟರಿನ ಗಾಜಿಗೆ ಬೆರಳಿಂದ ಕುಟ್ಟಿದ. ಮತ್ತೆ ಕುಟ್ಟಿದ.

"ಮಾಸ್ತರ, ಮುಳ್ಳು ಅಳ್ಳಾಡವಲ್ಲದಲ್ರಿ. ಮೀಟರ್ ಕೆಟ್ಟೇತಿ, ಬಿಚ್ಚಿ ಒಗಸ್ಲೇನು?"