ಬಾಬೆಲ್ ನಗರಿಗೆ ಬಹಿರಂಗ ಪತ್ರ

ಯೂಫ್ರೆಟಿಸ್ ತೀರದ ಬಾಬೆಲ್ ನಗರಿಯೇ,

ನಿನ್ನ ಹೆಸರಿಗೆ ಬರೆಯುತ್ತಿದ್ದರೂ ಇದನ್ನು ನಮ್ಮ ಸಭೆಗಳವರೂ ಓದಲಿ ಎಂಬ ಆಸೆ ನನ್ನದು. ಕನ್ನಡ ಬೈಬಲ್ ಓದುತ್ತ ಬೆಳೆದ ನಮಗೆ ನೀನು ಒಂದು ಊರಾಗಿ ಪರಿಚಯವಾಗುವ ಮೊದಲೇ ಬೈಗುಳವಾಗಿ ಪರಿಚಯವಾದೆ. ದುಡ್ಡಿನ ಸೊಕ್ಕಿಗೆ, ಮಹಾನಗರಗಳ ಮೋಜಿಗೆ, ಆಗದವರ ಧರ್ಮಕ್ಕೆ, ಆಗದ ದೇಶಕ್ಕೆ ಎಲ್ಲಕ್ಕೂ ಪ್ರಸಂಗಿಗಳು ನಿನ್ನ ಹೆಸರಿಟ್ಟರು. ಬಾಗ್ದಾದಿಗೆ ದಕ್ಷಿಣದಲ್ಲಿ, ಸುಮಾರು 85 ಕಿ.ಮೀ. ದೂರದ ಹಿಲ್ಲಾ ಪಟ್ಟಣದ ಮಗ್ಗುಲಲ್ಲಿ ನೀನು ಈಗಲೂ ಇದ್ದೀಯೆ, ನಿನ್ನದೇ ಹಳೆಯ ಇಟ್ಟಿಗೆಗಳನ್ನು ಹೊತ್ತೊಯ್ದು ಕಟ್ಟಿದ ಆ ಊರಿನಲ್ಲಿ ಜನ ಬದುಕುತ್ತಿದ್ದಾರೆ ಎಂದು ಯಾವ ಪ್ರಸಂಗದಲ್ಲೂ ನಾನು ಕೇಳಿಲ್ಲ.

ಪ್ರಕಟನೆಯ 17ನೇ ಅಧ್ಯಾಯದಲ್ಲಿ ಕೆನ್ನೀಲಿ ಬಟ್ಟೆ ಉಟ್ಟು, ಚಿನ್ನದ ಪಾತ್ರೆ ಹಿಡಿದು ಮೃಗದ ಮೇಲೆ ಕುಳಿತ ಹೆಂಗಸಿನ ಹಣೆಯ ಮೇಲೆ ನಿನ್ನ ಹೆಸರಿದೆ. ಆದರೆ ಅವಳು ಕುಳಿತಿರುವುದು ಏಳು ಬೆಟ್ಟಗಳ ಮೇಲೆ ಎಂದೂ ಅಲ್ಲೇ ಹೇಳಿದೆ. ಆ ಕಾಲದ ಕೇಳುಗರಿಗೆ ಅದು ರೋಮ್ ಎಂದು ಬಿಡಿಸಿ ಹೇಳಬೇಕಿರಲಿಲ್ಲ. ಕ್ರಿ.ಪೂ. 586ರಲ್ಲಿ ನಿನ್ನ ಅರಸ ನೆಬೂಕದ್ನೆಚ್ಚರ ಯೆರೂಸಲೇಮಿನ ದೇವಾಲಯವನ್ನು ಸುಟ್ಟ. ಕ್ರಿ.ಶ. 70ರಲ್ಲಿ ರೋಮನ್ನರು ಎರಡನೆಯ ದೇವಾಲಯವನ್ನು ಸುಟ್ಟರು. ಹೊಸ ಗಾಯಕ್ಕೆ ಹಳೆಯ ಗಾಯದ ಹೆಸರು ಬಂತು. ಅಷ್ಟು ಹೊತ್ತಿಗೆ ನೀನು ಬಹುಮಟ್ಟಿಗೆ ಪಾಳು ಬಿದ್ದಿದ್ದೆ.

ಯೆರೆಮೀಯನ 29ನೇ ಅಧ್ಯಾಯವೂ ಒಂದು ಪತ್ರವೇ. ನಿನ್ನಲ್ಲಿಗೆ ಸೆರೆಯಾಗಿ ಬಂದ ಯೆಹೂದ್ಯರಿಗೆ ಪ್ರವಾದಿ ಬರೆದದ್ದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಸೆರೆ ಒಯ್ದ ಊರಿನ ಕ್ಷೇಮವನ್ನು ಹಾರೈಸಿ, ಅದಕ್ಕಾಗಿ ಪ್ರಾರ್ಥಿಸಿ ಎಂದ. ಗೆದ್ದವರ ಊರಿಗಾಗಿ ಸೋತವರು ಪ್ರಾರ್ಥಿಸಬೇಕು ಎಂಬ ಮಾತನ್ನು ಆ ಹೊತ್ತಿನಲ್ಲಿ ಹೇಳಲು ಎಂಥ ಎದೆ ಬೇಕು! ಅವರು ಹಾಗೆಯೇ ಬದುಕಿದರು. ಯೆಹೂದದ ಅರಸ ಯೆಹೋಯಾಖೀನನಿಗೂ ಅವನ ಮಕ್ಕಳಿಗೂ ಅರಮನೆಯಿಂದ ಅಳೆದು ಕೊಟ್ಟ ಎಣ್ಣೆಯ ಲೆಕ್ಕ ನಿನ್ನ ಜೇಡಿಮಣ್ಣಿನ ಹಲಗೆಗಳಲ್ಲಿ ಸಿಕ್ಕಿದೆ. ‘ಯೆಹೂದ ಪಟ್ಟಣ’ ಎಂದೇ ಹೆಸರಾದ ಒಂದು ಹಳ್ಳಿಯ ಬಾರ್ಲಿ, ಖರ್ಜೂರ, ತೆರಿಗೆ, ಸಾಲದ ಪತ್ರಗಳೂ ಸಿಕ್ಕಿವೆ. ನಿನ್ನನ್ನು ಗೆದ್ದ ಪರ್ಷಿಯದ ಅರಸ ಕೋರೆಷನು ಊರಿಗೆ ಹೋಗಬಹುದೆಂದು ಅಪ್ಪಣೆ ಕೊಟ್ಟ ಮೇಲೂ ಬಹಳ ಮಂದಿ ಹೋಗಲಿಲ್ಲ. ಸೂರಾ ಮತ್ತು ಪುಂಬೆದಿತಾದ ಯೆಹೂದ್ಯ ವಿದ್ಯಾಪೀಠಗಳು ಬೆಳೆದದ್ದು ನಿನ್ನ ನಾಡಿನಲ್ಲಿ. ಯೆಹೂದ್ಯರು ಇಂದಿಗೂ ಪ್ರಮಾಣವೆಂದು ಓದುವ ತಾಲ್ಮುದ್ ನಿನ್ನ ಹೆಸರಿನದೇ. 1950-51ರಲ್ಲಿ ಇರಾಕಿನಿಂದ ಒಂದು ಲಕ್ಷಕ್ಕೂ ಹೆಚ್ಚು ಯೆಹೂದ್ಯರು ವಿಮಾನ ಹತ್ತಿ ಇಸ್ರೇಲಿಗೆ ಹೋಗುವವರೆಗೂ ಆ ಬಾಳು ನಡೆದೇ ಇತ್ತು. ಶತ್ರುವಿನ ಮನೆಯೆಂದು ಲೋಕವೆಲ್ಲ ಕರೆದ ನೀನು ಅವರಿಗೆ ಎರಡೂವರೆ ಸಾವಿರ ವರ್ಷ ಮನೆಯಾಗಿದ್ದೆ.

ಅದೇ ಯೆರೆಮೀಯ 50, 51ನೇ ಅಧ್ಯಾಯಗಳಲ್ಲಿ ನಿನ್ನನ್ನು ಶಪಿಸುತ್ತಾನೆ. ಆ ಸುರುಳಿಯನ್ನು ಓದಿ, ಕಲ್ಲು ಕಟ್ಟಿ ಯೂಫ್ರೆಟಿಸ್ ನದಿಗೆ ಎಸೆಯಬೇಕೆಂದು ಸೆರಾಯ ಎಂಬವನಿಗೆ ಹೇಳಿ ಕಳಿಸುತ್ತಾನೆ. ಶಾಪ, ಪ್ರಾರ್ಥನೆ ಎರಡೂ ಒಂದೇ ಬಾಯಿಂದ ಬಂದವು. ಶಾಪ ಸಿಂಹಾಸನಕ್ಕೆ, ಪ್ರಾರ್ಥನೆ ಊರಿಗೆ ಎಂದು ನಾನು ಓದುತ್ತೇನೆ. ಎಲ್ಲ ಕಡೆಯೂ ಗೆರೆ ಇಷ್ಟು ಸ್ಪಷ್ಟವಾಗಿಲ್ಲ, ಒಪ್ಪುತ್ತೇನೆ. 137ನೇ ಕೀರ್ತನೆಯ ಕೊನೆಯ ವಚನ ನಿನ್ನ ಹಸುಳೆಗಳ ಸಾವನ್ನು ಬಯಸುತ್ತದೆ. ತಮ್ಮ ಮಕ್ಕಳು ಸತ್ತದ್ದನ್ನು ಕಣ್ಣಾರೆ ಕಂಡವರ ಕೂಗು ಅದು. ಅದನ್ನು ತಿದ್ದುವ ಹಕ್ಕು ನನಗಿಲ್ಲ. ಅದಕ್ಕೆ ‘ಆಮೆನ್’ ಎನ್ನುವ ಹಕ್ಕು ಸುಖವಾಗಿ ಕುಳಿತ ನಮಗಂತೂ ಇಲ್ಲವೇ ಇಲ್ಲ.

ನಿನ್ನ ಹೆಸರನ್ನು ಒಂದು ದೇಶದ ಗಡಿಗೆ ಅಂಟಿಸಿದವರು ಬಹಳ ಕೆಡುಕು ಮಾಡಿದ್ದಾರೆ. ನೀನು ಸೊದೋಮಿನಂತೆ ನಾಶವಾಗುವೆ ಎಂದು ಯೆಶಾಯನ 13ನೇ ಅಧ್ಯಾಯ ಹೇಳುತ್ತದೆ. ಆದರೆ ಕ್ರಿ.ಪೂ. 539ರಲ್ಲಿ ಕೋರೆಷನ ಸೇನೆ ನಿನ್ನೊಳಗೆ ಕಾದಾಟವಿಲ್ಲದೆ ಬಂತು. ಕ್ರಿ.ಪೂ. 323ರಲ್ಲಿ ಅಲೆಕ್ಸಾಂಡರ್ ನಿನ್ನ ಅರಮನೆಯಲ್ಲೇ ಕೊನೆಯುಸಿರೆಳೆದ. ನೀನು ಖಾಲಿಯಾದದ್ದು ನಿಧಾನವಾಗಿ, ಶತಮಾನಗಳ ಮೇಲೆ. ಭವಿಷ್ಯವಾಣಿ ಅಕ್ಷರಶಃ ನೆರವೇರಲೇಬೇಕು ಎನ್ನುವವರು ಇದಕ್ಕೆ ಕಂಡುಕೊಂಡ ದಾರಿ ಭಯಂಕರವಾದದ್ದು: ನೀನು ಮತ್ತೆ ಎದ್ದು ನಿಲ್ಲಬೇಕು, ಮತ್ತೆ ಸುಟ್ಟುಹೋಗಬೇಕು. ಸದ್ದಾಂ ಹುಸೇನ್ 1980ರ ದಶಕದಲ್ಲಿ ತನ್ನ ಹೆಸರು ಒತ್ತಿಸಿದ ಇಟ್ಟಿಗೆಗಳಿಂದ ನಿನ್ನ ಹಳೆಯ ಪಾಯದ ಮೇಲೆ ಗೋಡೆ ಎಬ್ಬಿಸಿದಾಗ ಅವರಿಗೆ ಅದೇ ಗುರುತಾಯಿತು. 1991ರಲ್ಲಿ, ಕೊಲ್ಲಿ ಯುದ್ಧದ ವರ್ಷವೇ, ನಿನ್ನ ಪುನರುತ್ಥಾನ ಅಂತ್ಯಕಾಲದ ಸೂಚನೆ ಎನ್ನುವ ಪುಸ್ತಕ ಅಮೆರಿಕದಲ್ಲಿ ಬಂತು. ಬಾಂಬು ಬೀಳುತ್ತಿದ್ದದ್ದು ಜೀವವಿದ್ದ ಜನರ ಮೇಲೆ.

2003ರಲ್ಲಿ ಅಮೆರಿಕದ ಸೇನೆ, ಆಮೇಲೆ ಪೋಲೆಂಡಿನದು, ನಿನ್ನ ಮೇಲೆಯೇ ಶಿಬಿರ ಹೂಡಿತು. ನೆಬೂಕದ್ನೆಚ್ಚರನ ಕಾಲದ ಮೆರವಣಿಗೆ ಬೀದಿಯ ಇಟ್ಟಿಗೆ ಹಾಸು ಭಾರೀ ವಾಹನಗಳ ಕೆಳಗೆ ಒಡೆಯಿತು, ಮಡಕೆ ಚೂರುಗಳಿದ್ದ ಮಣ್ಣು ಮರಳ ಚೀಲಗಳಿಗೆ ಹೋಯಿತು ಎಂದು ಬ್ರಿಟಿಷ್ ಮ್ಯೂಸಿಯಂ ವರದಿ ಹೇಳಿತು. 2005ರ ಫೆಬ್ರವರಿ 28ರಂದು ಹಿಲ್ಲಾದಲ್ಲಿ ಸಾಲುನಿಂತಿದ್ದ ಉದ್ಯೋಗಾಕಾಂಕ್ಷಿಗಳ ನಡುವೆ ಕಾರು ಬಾಂಬು ಸಿಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಯಾರೂ ಕೆನ್ನೀಲಿ ಬಟ್ಟೆ ಉಟ್ಟಿರಲಿಲ್ಲ.

ಬೈಬಲಿನ ಹೆಸರನ್ನು ಆಗದವರಿಗೆ ಅಂಟಿಸುವ ಈ ಚಾಳಿಗೆ ಸಿಕ್ಕವಳು ನೀನೊಬ್ಬಳೇ ಅಲ್ಲ. ಯೆಹೆಜ್ಕೇಲನ ಗ್ರಂಥದಲ್ಲಿ ಬರುವ ಶತ್ರು ಗೋಗನನ್ನು ನಾಲ್ಕನೆಯ ಶತಮಾನದಲ್ಲಿ ಅಂಬ್ರೋಸ್ ಗೋಥರೆಂದ, ಲೂಥರ್ ತುರ್ಕರೆಂದ, 1909ರ ಸ್ಕೋಫೀಲ್ಡ್ ಬೈಬಲ್ ರಷ್ಯಾ ಎಂದಿತು. ಭಯ ಯಾರ ಮೇಲಿತ್ತೋ ಭೂಪಟದಲ್ಲಿ ಅವರ ಮೇಲೆ ಬೆರಳು ಬಿತ್ತು.

ನಿನ್ನ ನೆರೆಯ ನಿನೆವೆಯನ್ನು ನೋಡು. ನಹೂಮನು ಅದರ ನಾಶವನ್ನು ಹಾಡಿದ. ಯೋನನ ಪುಸ್ತಕದಲ್ಲಿ ಅದೇ ಊರಿನ ಲಕ್ಷದ ಇಪ್ಪತ್ತು ಸಾವಿರ ಜನರ ಮೇಲೆ, ಅವರ ದನಕರುಗಳ ಮೇಲೂ, ದೇವರು ಕನಿಕರಿಸಿದ. ಪೂರ್ವದ ಸುರಿಯಾನಿ ಸಭೆಗಳು ಅದರ ನೆನಪಿಗೆ ಇಂದಿಗೂ ಮೂರು ದಿನ ಉಪವಾಸ ಮಾಡುತ್ತವೆ. ಕೇರಳದ ಸುರಿಯಾನಿ ಕ್ರೈಸ್ತರ ‘ಮೂನ್ನು ನೋಯಂಬು’ ಅದೇ. ಶತ್ರುವಿನ ಊರು ಉಳಿದುಕೊಂಡಿತೆಂದು ವರ್ಷವರ್ಷವೂ ಹಸಿದಿರುವುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ನಿನಗೆ ಅಂಥ ಉಪವಾಸವಿಲ್ಲ. ಹಾಗಾಗಿ ನಮ್ಮ ಸಭಾಪಾಲಕರಲ್ಲಿ ಈ ಪತ್ರದ ಮೂಲಕ ಒಂದು ಬೇಡಿಕೆ ಇಡುತ್ತೇನೆ. ಪ್ರಕಟನೆಯ 17ನ್ನು ಓದುವ ಭಾನುವಾರ ಯೆರೆಮೀಯನ 29ನ್ನೂ ಓದಿ. ಪ್ರಾರ್ಥನೆಯ ಹೊತ್ತಿನಲ್ಲಿ ಇರಾಕಿನ ಹಿಲ್ಲಾ, ಮೋಸುಲ್, ಫಲ್ಲೂಜಾ ಎಂಬ ಊರುಗಳ ಹೆಸರನ್ನು ಗಟ್ಟಿಯಾಗಿ ಹೇಳಿ, ಅಲ್ಲಿಯವರ ಕ್ಷೇಮವನ್ನು ಬೇಡಿ.

ಇಂತಿ,
ನಿನ್ನ ಕ್ಷೇಮವನ್ನು ಬಯಸುವ
ಒಬ್ಬ ಕನ್ನಡ ಕ್ರೈಸ್ತ