ಮಸ್ಕಿ ಮಾವನ ಬೆಂಗಳೂರು ದರ್ಶನ

ಮಸ್ಕಿಯಿಂದ ರಾತ್ರಿ ಬಸ್ಸಿಗೆ ಬಂದಿಳಿದ ಸೋದರಮಾವನಿಗೆ ಬೆಂಗಳೂರು ತೋರಿಸುವ ಕೆಲಸ ನನ್ನ ಪಾಲಿಗೆ ಬಿತ್ತು. ಮೊದಲು ಲಾಲ್‌ಬಾಗ್. ‘ಈ ಬಂಡೆಗೆ ಸುಮಾರು 300 ಕೋಟಿ ವರ್ಷ, ಮೇಲಿರೋದು ಕೆಂಪೇಗೌಡರ ಗೋಪುರ’ ಎಂದೆ, ಬಂಡೆಯನ್ನು ನಾನೇ ಇಟ್ಟವನಂತೆ.

ಮಸ್ಕಿಯ ಮಲ್ಲಯ್ಯನ ಗುಡ್ಡ ಹತ್ತಿಳಿದೇ ಬೆಳೆದ ಮಾವ ನಕ್ಕುಬಿಟ್ಟ. ‘ಇದಕ್ಕ ಗುಡ್ಡ ಅಂತೀರೇನೋ ತಮ್ಮಾ? ನಮ್ಮೂರಾಗ ಇಂಥಾದ್ರ ಮ್ಯಾಲೆ ಕುಂತು ಆಡು ಕಾಯ್ತಾರ.’

ಮುಂದೆ ಕಬ್ಬನ್ ಪಾರ್ಕ್. 1870ರ ತೋಟ ಎಂದರೂ ಮಾವನ ಕಣ್ಣು ಬಿದಿರಿನ ಮೇಲೆ. ಅಲ್ಲಿ ಪ್ರೇಮಿಗಳು ಹೆಸರು ಕೆತ್ತಿದ್ದರು. ‘ನಮ್ಮೂರಾಗ ಅಶೋಕ ಒಬ್ಬನ ಹೆಸರು ಕಲ್ಲಾಗ ಐತಿ. 1915ರಾಗ ಒಬ್ಬ ಎಂಜಿನಿಯರ್‌ಗೆ ಆ ಶಾಸನ ಸಿಕ್ಕ ಮ್ಯಾಲೇ ಶಾಸನಗಳಾಗಿನ ‘ದೇವಾನಾಂಪ್ರಿಯ’ ಅಂದ್ರ ಅಶೋಕನೇ ಅಂತ ಜಗತ್ತಿಗೆ ಖಾತ್ರಿ ಆತು. ಇವರು ಯಾರಂತ ಯಾವ ಎಂಜಿನಿಯರ್ ಹುಡುಕಬೇಕೋ!’

ಸಂಜೆ ವಿ.ವಿ. ಪುರಂ ತಿಂಡಿ ಬೀದಿ. ದೋಸೆ, ಹೋಳಿಗೆ, ಜಿಲೇಬಿ ಎಲ್ಲ ಆದ ಮೇಲೂ ಮಾವ ಅತ್ತಿತ್ತ ನೋಡುತ್ತಿದ್ದ. ‘ಏನು ಹುಡುಕ್ತೀ ಮಾವಾ?’ ‘ಊಟ! ಇಷ್ಟೊತ್ತು ತಿಂದಿದ್ದು ರುಚಿ ನೋಡಾಕಲ್ಲೇನು?’ ಕೊನೆಗೆ ಚೀಲದಿಂದ ಜೋಳದ ರೊಟ್ಟಿ, ಶೇಂಗಾ ಹಿಂಡಿ ಹೊರಬಂದವು.

ವಾಪಸ್ಸು ಬರುವಾಗ ಟ್ರಾಫಿಕ್ಕಿನಲ್ಲಿ ಒಂದು ತಾಸು ನಿಂತೆವು. ಮಾವ ಗಂಭೀರವಾಗಿ ಹೇಳಿದ: ‘ಅಶೋಕ ಶಾಸನ ಕೆತ್ತಿಸಾಕ ಮಸ್ಕಿಗೆ ಯಾಕ ಬಂದ ಅಂತ ಈಗ ತಿಳೀತು. ಈ ಊರಿಗೆ ಬಂದಿದ್ರ ಉಳಿ, ಸುತ್ತಿಗಿ ಇನ್ನೂ ದಾರ್‍ಯಾಗ ಇರ್ತಿದ್ದವು!’